ಏರ್ ಫಿಲ್ಟರ್‌ನ ಕಳ್ಳದಾರಿ ಹಿಡಿದ ಬಗೆ: ನನ್ನ ಅನುಭವ

ಸ್ಪ್ರಿಂಕ್ಲರ್ ಪಂಪಿನ ಎಂಜಿನ್ ಎರಡೇ ಬೇಸಿಗೆಗೆ ಆಯಿಲ್ ಕುಡಿಯಲು ಶುರುಮಾಡಿದರೆ ಎಲ್ಲರೂ ಮೊದಲು ಬೈಯುವುದು ಆಯಿಲನ್ನೇ. ಆಮೇಲೆ ‘ಡೂಪ್ಲಿಕೇಟ್ ಫಿಲ್ಟರ್’ ಅನ್ನುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವಾಗ ಕೆರೆ ಏರಿ ಮೇಲೆ ಪಿಕಪ್ ಓಡಾಡಿ ಏಳುವ ಧೂಳೆಲ್ಲ ಪಂಪಿನ ಬಾಯಿಗೇ, ನಿಜ. ಆದರೆ ಕೊಡಗಿನ ಸುಂಟಿಕೊಪ್ಪ, ಸಿದ್ದಾಪುರ ಕಡೆ ನಾನು ಬಿಚ್ಚಿದ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರ್ ಕಾಗದ ಸರಿಯಾಗೇ ಇತ್ತು. ಲೈನರ್, ರಿಂಗ್ ಸವೆಸಿ ಆಯಿಲ್ ಕುಡಿಸಿದ ಧೂಳು ನುಗ್ಗಿದ್ದು ಅದರ ಪಕ್ಕದಿಂದ.

ಬಲ್ಬ್ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಕತ್ತಲೆ ಗೋದಾಮಿನಲ್ಲಿ ಎಲಿಮೆಂಟಿನ (ಡಬ್ಬಿಯೊಳಗಿನ ಕಾಗದದ ಫಿಲ್ಟರ್) ಒಳಗೆ ಎಲ್ಇಡಿ ಇಳಿಸಿ ನಿಧಾನವಾಗಿ ತಿರುಗಿಸಿ. ಸೂಜಿಮೊನೆಯಷ್ಟು ಬೆಳಕು ಚುಚ್ಚಿದಂತೆ ಕಂಡರೂ ಎಸೆಯಿರಿ. ತೂತು ಬೀಳುವುದು ಹೆಚ್ಚಾಗಿ ಮಡಿಕೆಯ ತುದಿಯಲ್ಲಿ, ಅದೂ ಕಂಪ್ರೆಸರ್ ಗಾಳಿ ಹೊಡೆದವಕ್ಕೆ. 30 ಪಿಎಸ್‌ಐ ದಾಟಬಾರದು, ಒಳಗಿಂದ ಹೊರಕ್ಕೇ ಹೊಡೆಯಬೇಕು. ಟೈರ್ ಅಂಗಡಿಯಲ್ಲಿ ನೂರಕ್ಕೂ ಮೇಲೆ ಇಟ್ಟು ಊದಿಸಿಕೊಂಡು ಬಂದು ‘ಕ್ಲೀನ್ ಆಯ್ತು’ ಅನ್ನುವವರಿದ್ದಾರೆ. ಎರಡು ಎಲಿಮೆಂಟ್ ಇರುವ ಟ್ರ್ಯಾಕ್ಟರ್‌ನಲ್ಲಿ ಒಳಗಿನದನ್ನು ಊದಲೇಬೇಡಿ, ಬದಲಾಯಿಸಿ.

ಬಲ್ಬಿಗೆ ಸಿಗದ ಲೀಕೇ ನಿಜವಾದ ತಲೆನೋವು: ಗಟ್ಟಿಯಾದ ರಬ್ಬರ್ ವಾಷರ್, ಸೊಟ್ಟಗಾದ ಡಬ್ಬಿ, ಹೋಸಿನ ಮಡಿಕೆಯ ಅಡಿಯಲ್ಲಿನ ಬಿರುಕು, ಅಂಡಾಕಾರಕ್ಕೆ ತಿರುಗಿದ ಕ್ಲಿಪ್. ಇದಕ್ಕೆ ನಾನು ಮಾಡುವುದು ಗ್ರೀಸ್ ಪರೀಕ್ಷೆ. ಫಿಲ್ಟರ್ ದಾಟಿದ ಕೂಡಲೇ ಪೈಪಿನ ಒಳಮೈಗೆ ಒಂದು ಕಡೆ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಸೇರುವ ಮುಂಚೆ ಇನ್ನೊಂದು ಕಡೆ, ಬೆರಳಲ್ಲಿ ತೆಳ್ಳಗೆ ಸವರುತ್ತೇನೆ. ದಪ್ಪವಾದರೆ ಎಂಜಿನ್ ಎಳೆದುಕೊಳ್ಳುತ್ತೆ, ಮೈ ಬೆವರಿದಷ್ಟೇ ಇರಲಿ. ಎಂಟು, ಹತ್ತು ಗಂಟೆ ಓಡಿಸಿ ಬಿಳಿ ಬಟ್ಟೆಯಲ್ಲಿ ಒರೆಸಿ, ಬೆರಳ ನಡುವೆ ಉಜ್ಜಿ. ಮೊದಲನೆಯದು ಸ್ವಚ್ಛ, ಎರಡನೆಯದು ಮರಳಿನಂತೆ ಮರಮರ ಅಂದರೆ ಹೋಸು ಅಥವಾ ಜಾಯಿಂಟು. ಮೊದಲನೆಯದೇ ಮರಮರ ಅಂದರೆ ವಾಷರು, ಡಬ್ಬಿ, ಇಲ್ಲವೇ ಎಲಿಮೆಂಟು. ಒಳಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಹೊಸ ಗಾಡಿಗೆ ಸೆನ್ಸರ್ ಮುಂದೆ ಇದು ಬೇಡ.

‘ಗ್ರೀಸ್ ಹಚ್ಚಿ ಜಾತಕ ನೋಡ್ತೀರಾ?’ ಅಂತ ಗ್ಯಾರೇಜಿನವರು ನಕ್ಕಿದ್ದುಂಟು. ಈಗ ಅವರೇ ಗಾಡಿ ಕಳಿಸುತ್ತಾರೆ. ಸಿಂಗಲ್ ಸಿಲಿಂಡರಿಗೆ ಲೈನರ್, ಪಿಸ್ಟನ್, ರಿಂಗ್, ಲೇತ್ ಕೆಲಸ, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಆಗುತ್ತಿತ್ತು. ಲೀಕಿಗೆ ಬೇಕಾದದ್ದು ನಲವತ್ತು, ಐವತ್ತು ರೂಪಾಯಿಯ ಕ್ಲಿಪ್ಪು. ಗಟ್ಟಿಯಾದ ವಾಷರನ್ನು ಮತ್ತೆ ಮೆತ್ತಗೆ ಮಾಡುವ ಒಂದು ಉಪಾಯವೂ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ಊದುಬತ್ತಿ ಹೊಗೆಯನ್ನೂ ಜಾಯಿಂಟುಗಳ ಸುತ್ತ ಆಡಿಸಿ ನೋಡಿದ್ದೇನೆ. ನೀರು ತಂಪಿನ ಡೀಸೆಲ್ ಪಂಪಿಗೆ ಗಾಳಿಯಿಲ್ಲದ ಮುಂಜಾನೆ ಸುಮಾರಾಗಿ ಕೆಲಸ ಮಾಡುತ್ತೆ. ಫ್ಯಾನ್ ಇದ್ದರೆ ಏನೂ ತಿಳಿಯಲ್ಲ. ಪೆಟ್ರೋಲ್ ಎಂಜಿನ್ ಹತ್ತಿರ ಹಿಡಿಯಲೇಬೇಡಿ. ಇನ್ನೊಂದು ಒರಟು ಪರೀಕ್ಷೆ: ಟರ್ಬೊ ಇಲ್ಲದ ಸಣ್ಣ ಡೀಸೆಲ್ ಐಡ್ಲಿಂಗ್‌ನಲ್ಲಿರುವಾಗ ಫಿಲ್ಟರ್ ಬಾಯಿಗೆ ರಬ್ಬರ್ ಹಾಳೆ ಹೊಡೆದ ಹಲಗೆ ಒತ್ತಿ. ಅಂಗೈ ಬೇಡ. ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದೆ ಓಡಿದರೆ ಬೇರೆಲ್ಲಿಂದಲೋ ಉಸಿರಾಡುತ್ತಿದೆ. ಸಣ್ಣ ಲೀಕು ಇದರಲ್ಲಿ ಸಿಗಲ್ಲ.

ಆಯಿಲ್ ಬಾತ್ (ಕಾಗದದ ಬದಲು ಬಟ್ಟಲಿನ ಆಯಿಲಿನಲ್ಲಿ ಧೂಳು ಹಿಡಿಯುವ ಫಿಲ್ಟರ್) ಇರುವ ಹಳೇ ಜೀಪು, ಪಂಪುಗಳಿಗೆ ಬಲ್ಬಿನ ಮಾತೇ ಇಲ್ಲ. ಆಯಿಲ್ ಗುರುತಿನವರೆಗೆ ಮಾತ್ರ. ಕಡಿಮೆಯಾದರೆ ಧೂಳು ದಾಟುತ್ತೆ, ಹೆಚ್ಚಾದರೆ ಎಂಜಿನ್ ಆಯಿಲನ್ನೇ ಎಳೆಯುತ್ತೆ. ತಳದಲ್ಲಿ ಅರ್ಧ ಇಂಚು ಕೆಸರು ಕೂತರೆ ಚೆಲ್ಲಿ, ಜಾಲರಿಯನ್ನು ಡೀಸೆಲ್‌ನಲ್ಲಿ ಜಾಲಿಸಿ. ಬಟ್ಟಲಿನ ವಾಷರ್ ಮರೆಯಬೇಡಿ.

ಮಳೆಗಾಲದಲ್ಲಿ ಪಂಪು ಶೆಡ್ಡಿಗೆ ಸೇರಿತೆಂದರೆ ಇಲಿ ಕಾಗದ ಕಡಿದು ಗೂಡು ಕಟ್ಟುತ್ತೆ. ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿಡಿ. ಜನವರಿಯಲ್ಲಿ ಹ್ಯಾಂಡಲ್ ಹಾಕುವ ಮುಂಚೆ ಒಮ್ಮೆ ಬಿಚ್ಚಿ, ಬಲ್ಬ್ ಇಳಿಸಿ.