ಎಲ್ಲರೂ ಬೇಡ ಅಂದ ಟಿಟಿ ಈಗ ನನ್ನ ದಿನದ ಗಾಡಿ

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನು ಭಾನುವಾರ ಬೆಳಗ್ಗೆ ಮಾತ್ರ ತೆಗೆಯುತ್ತಾರೆ. ನಾನು ಎರಡು ವರ್ಷದ ಹತ್ತಿರ ಸೆಕೆಂಡ್ ಹ್ಯಾಂಡ್ ಆಡಿ ಟಿಟಿಯಲ್ಲಿ ದಿನಾ ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಿದ್ದೇನೆ. ಮಳೆಗೂ ಅದೇ, ಮಗಳ ಸ್ಕೂಲಿಗೂ ಅದೇ, ಅಕ್ಕಿ ಚೀಲ ತರೋದಕ್ಕೂ ಅದೇ. ಮನೆಯಲ್ಲಿ ಬೇರೆ ಕಾರು ಇಲ್ಲ. ತಗೊಳ್ಳುವ ಮೊದಲು ನಮ್ಮ ಮಾವ, "ಅಳಿಯಂದ್ರೇ, ಆ ದುಡ್ಡಿಗೆ ಹೊಸ ಇನ್ನೋವಾ ಬರುತ್ತೆ, ಒಂದ್ಸಲ ಯೋಚನೆ ಮಾಡಿ" ಅಂದಿದ್ದರು. ಗ್ಯಾರೇಜಿನ ಅಣ್ಣ, ಆರು ತಿಂಗಳಲ್ಲಿ ನಿಮಗೆ ಇದು ಸಾಕಾಗುತ್ತೆ ಅಂತ ಗಡುವು ಕೊಟ್ಟಿದ್ದರು. ಆ ಗಡುವು ಮುಗಿದು ಬಹಳ ದಿನ ಆಯಿತು. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳವಾಗಿತ್ತು. ಹೊರಗಡೆ ಸ್ಪೋರ್ಟ್ಸ್ ಕಾರು ಇರಬೇಕು, ಒಳಗಡೆ ಮಾಮೂಲಿ ಕಾರು ಇರಬೇಕು. ಮೂರನೇ ತಲೆಮಾರಿನ ಟಿಟಿ ಭಾರತಕ್ಕೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ, ಎಕ್ಸ್ ಶೋರೂಂ 60 ಲಕ್ಷ ಚಿಲ್ಲರೆಗೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಹಾರ್ಸ್‌ಪವರ್, 370 ಎನ್‌ಎಂ, 6 ಗೇರಿನ ಡ್ಯುಯಲ್ ಕ್ಲಚ್, ನಾಲ್ಕೂ ಚಕ್ರಕ್ಕೆ ಬಲ. ಹಂಗೇರಿಯ ಗ್ಯೋರ್‌ನಲ್ಲಿ ಜೋಡಿಸಿ ಇಲ್ಲಿಗೆ ಇಡೀ ಕಾರನ್ನೇ ತರಿಸುತ್ತಿದ್ದರು. ಇಂಪೋರ್ಟೆಡ್ ಅಂದ ತಕ್ಷಣ ಜನ ಹೆದರುತ್ತಾರೆ. ಆದರೆ ಅದರ ಅಡಿಪಾಯ ಎಂಕ್ಯೂಬಿ, ಅಂದರೆ ಫೋಕ್ಸ್‌ವ್ಯಾಗನ್ ಗುಂಪಿನ ಎಷ್ಟೋ ಕಾರುಗಳು ಹಂಚಿಕೊಳ್ಳುವ ಚೌಕಟ್ಟು. ನಮ್ಮಲ್ಲಿ ಓಡಾಡುವ ಸ್ಕೋಡಾ ಆಕ್ಟೇವಿಯಾದ್ದೂ ಅದೇ, ಸುಪರ್ಬ್‌ದೂ ಅದೇ. ಎಂಜಿನ್ ಅದೇ ಇಎ888 ಕುಟುಂಬದ್ದು. 2017ರಲ್ಲಿ ಇಲ್ಲಿಗೆ ಬಂದ ಆಕ್ಟೇವಿಯಾ ಆರ್‌ಎಸ್ 230 ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಟಿಟಿಯ ಎಂಜಿನ್ ಹೊಸದೇನೂ ಅಲ್ಲ. ಬುಷ್, ಬೇರಿಂಗ್, ಸೆನ್ಸರ್, ಫಿಲ್ಟರ್‌ಗಳಲ್ಲಿ ಎಷ್ಟೋ ನಮ್ಮ ಸ್ಪೇರ್ ಪಾರ್ಟ್ಸ್ ಪೇಟೆ ಜೆ.ಸಿ. ರಸ್ತೆಯಲ್ಲೇ ಸಿಗುತ್ತವೆ. ಅಂಗಡಿಯಲ್ಲಿ ಟಿಟಿ ಅನ್ನಬೇಡಿ, ಪಾರ್ಟ್ ನಂಬರ್ ಮಾತ್ರ ಹೇಳಿ. ಯಾವ ನಂಬರ್ ಯಾವುದಕ್ಕೆ ಹೊಂದುತ್ತದೆ ಅನ್ನುವ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಕೂಡಿಸೋಕೆ ತಿಂಗಳುಗಟ್ಟಲೆ ಹಿಡಿಯಿತು, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ದುಬಾರಿ ಆಗುವುದು ಹೊರಗಿನ ಭಾಗ. ಹೆಡ್‌ಲೈಟ್, ಗಾಜು, ಬಾನೆಟ್, ಬಾಗಿಲು, ಇವು ಟಿಟಿಗೆ ಮಾತ್ರ ಸೇರಿದ್ದು. 2023ರ ನವೆಂಬರ್‌ನಲ್ಲಿ ಕಂಪನಿ ಟಿಟಿ ತಯಾರಿಕೆಯನ್ನೇ ನಿಲ್ಲಿಸಿತು. ಹಾಗಾಗಿ ನೋಡುವಾಗ ನಾನು ಎಂಜಿನ್‌ಗಿಂತ ಜಾಸ್ತಿ ಹೊತ್ತು ಬಾಡಿ ನೋಡಿದೆ. ಇದೊಂದು ಕಾರಣಕ್ಕೆ ನನ್ನ ಜೊತೆ ಬಂದವರೆಲ್ಲ ಬೇಸತ್ತು ಹೋದರು.

ಹುಡುಕಾಟ ಒಂದು ವರ್ಷದ ಮೇಲೆ ನಡೆಯಿತು, ಬಹಳಷ್ಟು ಕೆಟ್ಟಿತು. ಮೊದಲು ದೆಹಲಿಯ ಒಂದು ಕಾರು. ಬೇರೆ ಕಂಪನಿಯದ್ದು, ಎರಡು ಸೀಟಿನದು, ನೋಡಲು ಚಿನ್ನದಂತೆ. ಮೀಟರ್‌ನಲ್ಲಿ 38 ಸಾವಿರ ಚಿಲ್ಲರೆ. ಸ್ಕ್ಯಾನರ್ ಹಾಕಿದಾಗ ಒಂದು ಹಳೇ ಫಾಲ್ಟ್ ಕೋಡ್ ಸಿಕ್ಕಿತು. ಆ ಕೋಡ್ ದಾಖಲಾದಾಗ ಗಾಡಿ ಓಡಿದ್ದು 60 ಸಾವಿರದ ಮೇಲೆ! ಮೀಟರ್ ತಿದ್ದುವವರು ಡ್ಯಾಶ್‌ಬೋರ್ಡ್ ತಿದ್ದುತ್ತಾರೆ, ಒಳಗಿನ ಮಾಡ್ಯೂಲ್‌ಗಳನ್ನು ಬಿಟ್ಟುಬಿಡುತ್ತಾರೆ. ವಿಮಾನದ ಟಿಕೆಟ್, ಹೋಟೆಲ್, ಅಲ್ಲಿನ ಮೆಕ್ಯಾನಿಕ್ ಅಂತ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಆ ದುಡ್ಡಿಗೆ ನನಗೆ ಬೇಸರ ಇಲ್ಲ. ಅದು ಇಪ್ಪತ್ತು ಲಕ್ಷ ಉಳಿಸಿತು.

ಆಮೇಲೆ ಊರಲ್ಲೇ ಒಂದು ಟಿಟಿ ಸಿಕ್ಕಿತು, ಬೆಲೆ ಅನುಮಾನ ಬರುವಷ್ಟು ಕಡಿಮೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು ಕಡೆಯ ವಿಲ್ಲಾಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅಂಥ ಕಾರುಗಳು ಎಲ್ಲೋ ಒಂದು ಕಡೆ ಮಾರಾಟಕ್ಕೆ ಬರಲೇಬೇಕು. ನಾನು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇತ್ತು. ಕಾರ್ಪೆಟ್ ತೊಳೆಯುತ್ತಾರೆ, ಸೀಟಿಗೆ ಪಾಲಿಶ್ ಹಾಕುತ್ತಾರೆ, ಬೆಲ್ಟ್ ಸುರುಳಿಯ ಒಳಗೆ ಯಾರೂ ಕೈ ಹಾಕುವುದಿಲ್ಲ. ಬ್ರೋಕರ್‌ಗೆ ಗೆರೆ ತೋರಿಸಿ, ಬೇರೆ ಮಾತಾಡದೆ ಬಂದೆ.

ಮೂರನೆಯದು ಬೇರೆ ರಾಜ್ಯದ ನಂಬರಿನದು. ಕಾರಲ್ಲಿ ತಪ್ಪೇನೂ ಇರಲಿಲ್ಲ, ಲೆಕ್ಕದಲ್ಲಿ ಬಿತ್ತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇಕಡ 18. ಹಳೇ ಕಾರಿಗೆ ವಯಸ್ಸಿನ ಮೇಲೆ ಕಡಿಮೆ ಆಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಅದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದ ಅಲ್ಲ. ಎನ್‌ಒಸಿ ತರಿಸಿ, ಇಲ್ಲಿ ಟ್ಯಾಕ್ಸ್ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಿಕೊಂಡು ಅಲೆಯಬೇಕು. ನಾಲ್ಕು ಲಕ್ಷ ಕಡಿಮೆಗೆ ಸಿಗುತ್ತಿದ್ದ ಕಾರು ಕೊನೆಗೆ ಒಂದು ಲಕ್ಷ ಜಾಸ್ತಿಯೇ ಆಗುತ್ತಿತ್ತು. ಬೇರೆ ರಾಜ್ಯದ ಪ್ಲೇಟಿನಲ್ಲೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ದಿನಾ ಓಡಿಸುವ ಗಾಡಿಗೆ ಆ ತಲೆಬಿಸಿ ಬೇಡವೇ ಬೇಡ. ಅಲ್ಲಿಂದ ಮುಂದೆ ಕೆಎ ನಂಬರ್ ಬಿಟ್ಟು ಬೇರೆ ನೋಡಲಿಲ್ಲ.

ಕೊನೆಗೆ ಸಿಕ್ಕಿದ್ದು ಜಯನಗರದ ಒಬ್ಬ ಡಾಕ್ಟರರ ಕಾರು, 2016ರದು, 40 ಸಾವಿರ ಚಿಲ್ಲರೆ ಓಡಿದ್ದು. ಸರ್ವಿಸ್ ಪುಸ್ತಕ ಪೂರ್ತಿ ಇತ್ತು. ಅಲ್ಲೊಂದು ಗಲಾಟೆ ಆಯಿತು. ಜೊತೆಗೆ ಬಂದಿದ್ದ ಗೆಳೆಯ ಅಯಸ್ಕಾಂತ ತಂದಿದ್ದ. ಬಾಗಿಲಿಗೆ ಅಂಟಲಿಲ್ಲ, ಬಾನೆಟ್‌ಗೂ ಅಂಟಲಿಲ್ಲ. "ಇಡೀ ಕಾರಿಗೆ ಪುಟ್ಟಿ ಬಡಿದಿದ್ದಾರೆ, ನಡಿ ಹೋಗೋಣ" ಅಂದ. ಟಿಟಿಯ ಹೊರಮೈ ಅಲ್ಯೂಮಿನಿಯಂ, ಅಯಸ್ಕಾಂತ ಎಲ್ಲಿಂದ ಅಂಟಬೇಕು? ಅಗ್ಗದ ಪೇಂಟ್ ಮೀಟರ್‌ಗಳೂ ಹಾಗೇ, ಕಬ್ಬಿಣದ ಮೇಲೆ ಮಾತ್ರ ಅಳೆಯುತ್ತವೆ. ಎರಡೂ ಲೋಹ ಅಳೆಯುವ ಮೀಟರ್ ಬೇಕು, ಐದಾರು ಸಾವಿರಕ್ಕೆ ಸಿಗುತ್ತದೆ. ನಾನು ಒಂದೊಂದು ಪ್ಯಾನಲ್‌ಗೂ ಹತ್ತು ಕಡೆ ಇಟ್ಟು ನೋಡಿದೆ. ಹಿಂದಿನ ಎಡಭಾಗದಲ್ಲಿ ಮಾತ್ರ ಒಮ್ಮೆ ಪೇಂಟ್ ಆಗಿತ್ತು. ಅದನ್ನು ಡಾಕ್ಟರರು ಮೊದಲೇ ಹೇಳಿದ್ದರು.

ಇನ್ನೊಂದು ಪರೀಕ್ಷೆ ಇದೆ, ಯಾರೂ ಮಾಡುವುದಿಲ್ಲ. ಟೆಸ್ಟ್ ಡ್ರೈವ್ ನೆಪದಲ್ಲಿ ಕಾರನ್ನು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ಗೆ ಇಳಿಸಿ ಹತ್ತಿಸಿದೆ. ದಿನಾ ಎರಡು ಸಲ ಆ ಇಳಿಜಾರು ದಾಟಬೇಕು. ಅಲ್ಲೇ ತಾಗಿದರೆ ಮುಂದಿನ ಮಾತೇ ಇಲ್ಲ. ಟಿಟಿಯ ಮುಂದಿನ ಹಿಂದಿನ ಚಕ್ರದ ನಡುವೆ ಎರಡೂವರೆ ಮೀಟರ್ ಅಂತರ ಅಷ್ಟೇ. ಹಂಪ್ ಮೇಲೆ ಹೊಟ್ಟೆ ಕೂರುವುದು ಉದ್ದ ಕಾರುಗಳಿಗೆ. ಇದಕ್ಕೆ ಮೂತಿಯದ್ದೇ ಚಿಂತೆ, ಅದು ಓರೆಯಾಗಿ ಹತ್ತಿಸಿದರೆ ಕಳೆಯುತ್ತದೆ.

ಡಾಕ್ಟರರು ಕೇಳಿದ್ದು 34 ಲಕ್ಷದ ಆಸುಪಾಸು. ಮುಗಿದಿದ್ದು 30ರ ಒಳಗೆ. ಆ ನಾಲ್ಕು ಲಕ್ಷ ಹೇಗೆ ಇಳಿಯಿತು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಟೈರಿನ ಮೇಲಿನ ತಯಾರಿಕೆ ವಾರ ಮತ್ತು ಸರ್ವಿಸ್ ಪುಸ್ತಕದ ಒಂದು ಖಾಲಿ ಪುಟ, ಎರಡೂ ಕೆಲಸ ಮಾಡಿದವು ಅಂತಷ್ಟೇ ಹೇಳಬಲ್ಲೆ.

ಉಳಿದ ನಾಲ್ಕು ಲಕ್ಷವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟೆ. ಇದು ನನ್ನ ಗಟ್ಟಿ ನಂಬಿಕೆ: ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿದವರು ವರ್ಷದೊಳಗೆ ಮಾರುತ್ತಾರೆ. ಮೊದಲ ವರ್ಷ ಅದರಲ್ಲಿ ಮೂರರ ಹತ್ತಿರ ಖರ್ಚಾಯಿತು, ಎಲ್ಲ ಮುಂಜಾಗ್ರತೆಗೆ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಹೌಸಿಂಗ್ ವಯಸ್ಸಾದ ಮೇಲೆ ಸೋರುವುದು ಎಲ್ಲರಿಗೂ ಗೊತ್ತು. ಸೋರುವ ತನಕ ಕಾಯಲಿಲ್ಲ. ಪಂಪ್ ಓಡಿಸುವ ಪುಟ್ಟ ಬೆಲ್ಟಿನ ಸಮೇತ ಎಲ್ಲ ಬದಲಿಸಿದೆ, ಕೂಲಿ ಸೇರಿ ನಲವತ್ತೈದು ಸಾವಿರ ಇರಬೇಕು. ಗೇರ್‌ಬಾಕ್ಸ್ ಎಣ್ಣೆ 60 ಸಾವಿರ ಕಿಲೋಮೀಟರಿಗೆ ಅಂತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾಮ್ ದಾಟುವ ಗಾಡಿಗೆ ಅದು ಬಹಳ ದೂರ ಆಯಿತು, ನಾನು 40ಕ್ಕೇ ಮಾಡಿಸುತ್ತೇನೆ. ಹಿಂದಿನ ಚಕ್ರಕ್ಕೆ ಬಲ ಕಳಿಸುವ ಹಾಲ್ಡೆಕ್ಸ್ ಅನ್ನುವ ಭಾಗದ ಎಣ್ಣೆ ಬದಲಿಸುವಾಗ ಪಂಪ್ ಬಿಚ್ಚಿಸಿ ಜಾಲರಿ ತೊಳೆಸಲೇಬೇಕು. ಎಷ್ಟೋ ಕಡೆ ಎಣ್ಣೆ ಮಾತ್ರ ಬದಲಿಸಿ ಬಿಲ್ ಕೊಡುತ್ತಾರೆ. ನಮ್ಮದರಲ್ಲಿ ಜಾಲರಿ ಕಪ್ಪಗೆ ಕಟ್ಟಿಕೊಂಡಿತ್ತು. ತೊಳೆದ ಮೇಲೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ತಕ್ಷಣ ಕೈಗೆ ಸಿಗುತ್ತದೆ.

ನಿಜವಾಗಿ ಈ ಕಾರನ್ನು ದಿನದ ಗಾಡಿ ಮಾಡಿದ್ದು ಟೈರ್. ಬಂದಾಗ ಇದ್ದದ್ದು 245/40 ಆರ್18, ಅಂದರೆ 245 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ ಶೇಕಡ 40, ರಿಮ್ 18 ಇಂಚು. ಮೊದಲ ಮಳೆಗಾಲದಲ್ಲೇ ನೀರು ತುಂಬಿದ ಗುಂಡಿಗೆ ಇಳಿದು ಒಂದು ಟೈರಿನ ಪಕ್ಕ ಉಬ್ಬಿತು. ಇಪ್ಪತ್ತು ಸಾವಿರ ಹೋಯಿತು. ಎರಡು ತಿಂಗಳಿಗೆ ಇನ್ನೊಂದು. ಗ್ಯಾರೇಜಿನ ಅಣ್ಣ ನನ್ನ ಮುಖ ನೋಡಿ, "ನಾ ಹೇಳ್ಲಿಲ್ವಾ ಸಾರ್" ಅಂದರು. ನಾನು ಕೂತು ಲೆಕ್ಕ ಹಾಕಿದೆ. ಯುರೋಪಿನಲ್ಲಿ ಇದೇ ಕಾರಿಗೆ 17 ಇಂಚಿನ ರಿಮ್‌ನಲ್ಲಿ 225/50 ಕೊಡುತ್ತಿದ್ದರು. ಚಕ್ರದ ಒಟ್ಟು ಎತ್ತರದಲ್ಲಿ ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಅಷ್ಟೇ, ಸ್ಪೀಡೋಮೀಟರ್‌ಗೆ ಗೊತ್ತೇ ಆಗುವುದಿಲ್ಲ. ಆದರೆ ಟೈರಿನ ಪಕ್ಕದ ಎತ್ತರ 98ರಿಂದ 112 ಮಿಲಿಮೀಟರಿಗೆ ಏರುತ್ತದೆ. ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಅಷ್ಟು ರಬ್ಬರ್ ಜಾಸ್ತಿ.

ಮಾತಿನಲ್ಲಿ ಸುಲಭ, ರಿಮ್ ಸಿಗುವುದು ಕಷ್ಟ. ಜೆ.ಸಿ. ರಸ್ತೆಯಲ್ಲಿ ಮೊದಲು ತಂದ ಸೆಟ್ ಬ್ರೇಕಿನ ಕ್ಯಾಲಿಪರ್‌ಗೆ ತಾಗಿತು. ಎರಡನೆಯದರಲ್ಲಿ ಆಫ್‌ಸೆಟ್, ಅಂದರೆ ರಿಮ್ ಎಷ್ಟು ಒಳಗೆ ಕೂರುತ್ತದೆ ಅನ್ನುವ ಅಳತೆ, ಸರಿ ಇರಲಿಲ್ಲ, ಚಕ್ರ ಗಾರ್ಡ್‌ನಿಂದ ಹೊರಗೆ ಬಂತು. ಮೂರನೆಯ ಸೆಟ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು, ಇನ್ನೊಂದು ಎಂಕ್ಯೂಬಿ ಕಾರಿನದು, ಬೆರಳು ಹೋಗುವಷ್ಟು ಜಾಗ ಬಿಟ್ಟು ಕೂತಿತು. ಯಾವ ಕಾರಿನದು ಅಂತ ಕೇಳಬೇಡಿ, ಹೇಳಿದರೆ ಗುಜರಿಯವರು ನಾಳೆಯೇ ರೇಟ್ ಎರಡು ಪಟ್ಟು ಮಾಡುತ್ತಾರೆ. ರಿಮ್, ಪೇಂಟ್, ಹೊಸ ಟೈರ್ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಸ್ವಲ್ಪ. ಅದರ ಮೇಲೆ ಒಂದೂವರೆ ಮಳೆಗಾಲ ಕಳೆದಿದೆ, ಒಂದೂ ಉಬ್ಬಿಲ್ಲ. 18 ಇಂಚಿನವು ಬಾಲ್ಕನಿಯಲ್ಲಿವೆ. ಚೆಂದ ಕಮ್ಮಿ ಆಯಿತು ಅನ್ನುವವರಿದ್ದಾರೆ. ನನಗಂತೂ ಈಗಲೇ ಚೆಂದ ಕಾಣುತ್ತದೆ.

ಪೆಟ್ರೋಲ್ ಮೇಲೂ ಒಂದಷ್ಟು ಆಟ ಆಡಿದೆ. ಎಂಜಿನ್ ಕೇಳುವುದು 95 ಆಕ್ಟೇನ್, ನಾನು ಸಾಮಾನ್ಯವಾಗಿ ಹಾಕಿಸುವುದೂ ಅದೇ. ಇಂಡಿಯನ್ ಆಯಿಲ್‌ನ 100 ಆಕ್ಟೇನ್ 2020ರ ಕೊನೆಯಿಂದ ಸಿಗುತ್ತಿದೆ, ನಾನು ಹಾಕಿಸಿದಾಗ ಲೀಟರಿಗೆ 160ರ ಆಸುಪಾಸು ಇತ್ತು. ನಾಲ್ಕೈದು ಟ್ಯಾಂಕ್ ಹಾಕಿಸಿ ನೋಡಿದೆ. ಮೈಲೇಜ್ ಅರ್ಧ ಕಿಲೋಮೀಟರ್ ಏರಿರಬಹುದು, ಶಿರಾಡಿ ಘಾಟಿಯಲ್ಲಿ ಎಳೆತ ಸ್ವಲ್ಪ ನಯವಾಯಿತು. ಕೊಟ್ಟ ದುಡ್ಡಿಗೆ ಅದು ಸಾಲದು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು. ಈ ಕಾರು ತಯಾರಾದಾಗ ಆ ಲೆಕ್ಕ ಇರಲಿಲ್ಲ. ಅದಕ್ಕೆ ಎರಡು ವಾರಕ್ಕಿಂತ ಜಾಸ್ತಿ ಊರಲ್ಲಿ ಇಲ್ಲ ಅಂದರೆ ಮಾತ್ರ ಟ್ಯಾಂಕಿಗೆ ಎಥನಾಲ್ ಇಲ್ಲದ 100 ತುಂಬಿಸಿ ನಿಲ್ಲಿಸುತ್ತೇನೆ. ಬೇರೆ ದಿನ 95. ಊರೊಳಗೆ ಎಂಟು ಎಂಟೂವರೆ ಕೊಡುತ್ತದೆ, ಸಕಲೇಶಪುರಕ್ಕೆ ಹೋದಾಗ ಹದಿಮೂರು ದಾಟುತ್ತದೆ.

ಟ್ರಾಫಿಕ್‌ನಲ್ಲಿ ಗೇರ್‌ಬಾಕ್ಸ್ ಹೋಗುತ್ತದೆ ಅನ್ನುವುದು ಎಲ್ಲರ ದೊಡ್ಡ ಭಯ. ಇದರಲ್ಲಿರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನ 6 ಗೇರಿನದು, ಒಣ ಕ್ಲಚ್‌ನ 7 ಗೇರಿನದಲ್ಲ. ಎಣ್ಣೆ ಕ್ಲಚ್‌ನ ಬಿಸಿ ಎಳೆದುಕೊಳ್ಳುತ್ತದೆ, ಅಷ್ಟರಲ್ಲೇ ಅರ್ಧ ಭಯ ಹೋಗಬೇಕು. ಉಳಿದರ್ಧ ಓಡಿಸುವವರ ಕೈಯಲ್ಲಿದೆ. ಇಂಚಿಂಚು ತೆವಳಬೇಡಿ. ಮುಂದಿನ ಗಾಡಿಗೆ ಎರಡು ಕಾರಿನ ಜಾಗ ಬಿಟ್ಟು, ನಿಂತಾಗ ಬ್ರೇಕ್ ಪೂರ್ತಿ ಒತ್ತಿ, ಆಮೇಲೆ ಒಂದೇ ಸಲ ಹೊರಡಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ನುಗ್ಗಲಿ ಬಿಡಿ. ಬೆಳಗ್ಗೆ ನೈಸ್ ರಸ್ತೆಯ ಟೋಲ್ ಕೊಟ್ಟು ಹೋಗುತ್ತೇನೆ. ತಿಂಗಳ ಟೋಲ್ ಒಂದು ಟೈರಿಗಿಂತ ಬಹಳ ಅಗ್ಗ, ಎಂಜಿನ್ನಿಗೂ ದಿನಕ್ಕೊಮ್ಮೆ ಮೂರನೇ ಗೇರ್‌ನಲ್ಲಿ ಉಸಿರಾಡೋಕೆ ಅವಕಾಶ.

ಹಿಂದಿನ ಸೀಟು ದೊಡ್ಡವರಿಗಲ್ಲ. ಆರು ವರ್ಷದ ಮಗಳಿಗೆ ಸಾಕು, ಮಕ್ಕಳ ಸೀಟು ಕಟ್ಟಲು ಐಸೋಫಿಕ್ಸ್ ಕೊಕ್ಕೆ ಇದೆ. ಡಿಕ್ಕಿ 300 ಲೀಟರ್ ಮೇಲಿದೆ, ಸೀಟು ಮಡಚಿದರೆ ಎರಡು ಪಟ್ಟಿಗಿಂತ ಜಾಸ್ತಿ. 25 ಕೆಜಿ ಅಕ್ಕಿ ಚೀಲ, ತರಕಾರಿ, ಮಗಳ ಸೈಕಲ್ ಎಲ್ಲ ಒಟ್ಟಿಗೆ ತಂದಿದ್ದೇನೆ. ಮಾವ ಮುಂದಿನ ಸೀಟಿನಲ್ಲೇ ಸಕಲೇಶಪುರಕ್ಕೆ ಬಂದರು. ಇಳಿಯುವಾಗ ಕೈ ಹಿಡಿಯಬೇಕಾಯಿತು, ಆದರೆ ವಾಪಸ್ ಬರುವಾಗ ಅವರೇ ಸ್ಟೀರಿಂಗ್ ಕೇಳಿದರು. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಓಡಿಸಿದರು. ಇನ್ನೋವಾ ಮಾತು ಆಮೇಲೆ ಬಂದಿಲ್ಲ.

ತಿಂಗಳಿಗೆ ಸಾವಿರ ಕಿಲೋಮೀಟರ್ ಆಗುತ್ತದೆ. ಪೆಟ್ರೋಲಿಗೆ ಹದಿಮೂರು ಸಾವಿರದ ಹತ್ತಿರ, ಇನ್ಶೂರೆನ್ಸ್ ವರ್ಷಕ್ಕೆ ತೊಂಬತ್ತು ಸಾವಿರ ಇರಬೇಕು, ಹೊರಗಿನ ಗ್ಯಾರೇಜಿನಲ್ಲಿ ಮಾಮೂಲಿ ಸರ್ವಿಸ್ ಇಪ್ಪತ್ತರಿಂದ ಇಪ್ಪತ್ತೈದು. ಇನ್ಶೂರೆನ್ಸ್‌ನಲ್ಲಿ ನೀರು ನುಗ್ಗಿದರೆ ಎಂಜಿನ್‌ಗೆ ಸಿಗುವ ಕವರ್ ಬಿಡಬೇಡಿ. ಈ ವಯಸ್ಸಿನ ಕಾರಿಗೆ ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಭಾಗದ ಪೂರ್ತಿ ಬೆಲೆ ಕೊಡುವ ಕವರ್, ಕೊಡಲು ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ. ಹೆಡ್‌ಲೈಟಿನ ಬೆಲೆ ನೆನಪಿಟ್ಟುಕೊಂಡು ಒಪ್ಪುವವರನ್ನೇ ಹುಡುಕಿ. ಮುಂದಿನ ಕೆಲಸ ಇನ್‌ಟೇಕ್ ವಾಲ್ವ್ ಮೇಲೆ ಕಟ್ಟಿರುವ ಕಾರ್ಬನ್ ತೆಗೆಸುವುದು, ವಾಲ್‌ನಟ್ ಸಿಪ್ಪೆಯ ಪುಡಿ ಹೊಡೆದು ಮಾಡುವ ಕೆಲಸ. ಊರಲ್ಲಿ ಅದನ್ನು ಸರಿಯಾಗಿ ಮಾಡುವವರು ಬೆರಳೆಣಿಕೆ. ಒಬ್ಬರು ಹದಿನೆಂಟು ಸಾವಿರ ಹೇಳಿದ್ದಾರೆ, ಇನ್ನೊಬ್ಬರು ಮೂವತ್ತು. ಕಡಿಮೆ ಹೇಳಿದವರ ಹತ್ತಿರ ಬೇರೆ ಯಾರದೋ ಕಾರಿನ ಕೆಲಸ ನಿಂತು ನೋಡಿ, ಆಮೇಲೆ ನಮ್ಮದನ್ನು ಬಿಡುತ್ತೇನೆ.