ಎರಡೂ ಕಡೆ ಬೆಟ್ ಕಟ್ಟುವ ಲೆಕ್ಕ: ನನ್ನ ಅನುಭವ

ನಾನಿರುವುದು ನ್ಯೂಜೆರ್ಸಿಯಲ್ಲಿ. 2018ರ ಮೇನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇಲ್ಲಿ ಕ್ರೀಡೆಗೆ ಬೆಟ್ ಕಟ್ಟುವುದು ಕಾನೂನುಬದ್ಧ. ನಾನು ಆಡುವುದು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ಮೇಲೆ, ಅದೂ ‘ಮಿಡಲ್’ ಸಿಕ್ಕಿದರೆ ಮಾತ್ರ. ಅಂದರೆ ಒಂದೇ ಪಂದ್ಯದ ಎರಡೂ ಕಡೆ ಬೆಟ್ ಕಟ್ಟಿ, ಎರಡೂ ಗೆಲ್ಲುವ ಅವಕಾಶ ಇದ್ದರೆ. ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಉಸಾಬರಿ ನನಗೆ ಬೇಡ.

ಭಾನುವಾರ ಸಂಜೆ ಮುಂದಿನ ವಾರದ ಲೈನ್ (ಬುಕ್ಕಿಗಳು ಇಡುವ ಅಂಕಗಳ ಅಂತರ) ಬರುತ್ತದೆ. ಫೇವರಿಟ್ ತಂಡ ಮೈನಸ್ 2.5 ಇದ್ದಾಗ ಹಿಡಿಯುತ್ತೇನೆ. ಅದು 2.5ಕ್ಕಿಂತ ಹೆಚ್ಚು ಅಂಕದಿಂದ ಗೆದ್ದರೆ ಮಾತ್ರ ಬೆಟ್ ನನ್ನದು. ವಾರದ ಮಧ್ಯೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ (ದಾಳಿ ನಡೆಸುವ ಮುಖ್ಯ ಆಟಗಾರ) ಗಾಯ ಅಂತ ಸುದ್ದಿ ಬಂದರೆ ಲೈನ್ 3.5ಕ್ಕೆ ಏರುತ್ತದೆ. ಆಗ ಎದುರಾಳಿಯನ್ನು ಪ್ಲಸ್ 3.5ಕ್ಕೆ ಹಿಡಿಯುತ್ತೇನೆ. ಅವರು ಗೆದ್ದರೂ, 3 ಅಂಕದವರೆಗೆ ಸೋತರೂ ಆ ಬೆಟ್ ನನ್ನದು. ಫೇವರಿಟ್ ಸರಿಯಾಗಿ 3 ಅಂಕದಿಂದ ಗೆದ್ದರೆ ಎರಡೂ ಬೆಟ್ ನನ್ನವೇ.

ಈಗ ಮುಖ್ಯ ವಿಷಯ, ಎಷ್ಟು ಕಟ್ಟಬೇಕು? ಎರಡೂ ಕಡೆ ಮೈನಸ್ 110 (100 ಗೆಲ್ಲಲು 110 ಕಟ್ಟುವ ದರ) ಇದ್ದರೆ ಸುಲಭ. ತಲಾ 110 ಡಾಲರ್. ಒಂದು ಗೆದ್ದು ಒಂದು ಸೋತರೆ 10 ಡಾಲರ್ ಹೋಯಿತು. ಎರಡೂ ಗೆದ್ದರೆ 200 ಬಂತು. 21ರಲ್ಲಿ ಒಂದು ಸಲ ಮಿಡಲ್ ಬಿದ್ದರೂ ಅಸಲು ಉಳಿಯುತ್ತದೆ. ಎರಡನೇ ಕಡೆ ಪ್ಲಸ್ 105 (100 ಕಟ್ಟಿ ಗೆದ್ದರೆ 105 ಲಾಭ) ಸಿಕ್ಕಿದರೆ ಅಲ್ಲೂ 110 ಕಟ್ಟಬಾರದು. ಕಟ್ಟಿದರೆ ಒಂದು ಕಡೆ ಗೆದ್ದಾಗ 5.50 ಲಾಭ, ಇನ್ನೊಂದು ಕಡೆ ಗೆದ್ದಾಗ 10 ನಷ್ಟ. ಅಂದರೆ ಗೊತ್ತಿಲ್ಲದೆ ಒಂದು ತಂಡದ ಪರ ನಿಂತ ಹಾಗೆ, ಅಲ್ವಾ? ಮೊದಲ ಬೆಟ್ ಗೆದ್ದರೆ ಕೈಗೆ ಬರುವ ಒಟ್ಟು ಹಣ 210. ಅದನ್ನು 2.05ರಿಂದ (ಪ್ಲಸ್ 105ರಲ್ಲಿ ಒಂದು ಡಾಲರ್‌ಗೆ ಅಸಲು ಸೇರಿ ಬರುವ ಹಣ) ಭಾಗಿಸಿದರೆ 102.44. ಎರಡನೇ ಕಡೆ ಕಟ್ಟಬೇಕಾದದ್ದು ಅಷ್ಟೇ. ಯಾರೇ ಗೆಲ್ಲಲಿ, ನಷ್ಟ 2.44. ಈಗ 86ರಲ್ಲಿ ಒಂದು ಸಲ ಮಿಡಲ್ ಬಿದ್ದರೂ ಸಾಕು!

ಲೈನ್ ಉಲ್ಟಾ ಹೋದರೆ ಎರಡನೇ ಬೆಟ್ಟೇ ಇಲ್ಲ. ಒಂಟಿ ಬೆಟ್ ಇಟ್ಟುಕೊಂಡು ಪಂದ್ಯ ನೋಡಬೇಕು. ಅದಕ್ಕೇ ಮೊದಲ ಬೆಟ್ ಪೂರ್ತಿ ಹೋದರೂ ನಿದ್ದೆ ಕೆಡದಷ್ಟೇ ಇರಬೇಕು.

ಸುಮ್ನೆ ಯಾವುದೋ ಸಂಖ್ಯೆಯ ಸುತ್ತ ಹೋಗುವುದು ದಂಡ. ಈ ಆಟದಲ್ಲಿ ಫೀಲ್ಡ್ ಗೋಲಿಗೆ 3 ಅಂಕ, ಟಚ್‌ಡೌನ್ ಜೊತೆ ಎಕ್ಸ್‌ಟ್ರಾ ಪಾಯಿಂಟ್ ಸೇರಿ 7. ಪಂದ್ಯಗಳು ಮುಗಿಯುವುದು ಜಾಸ್ತಿ ಈ ಅಂತರಗಳಲ್ಲೇ, ಅದರಲ್ಲೂ 3ರಲ್ಲಿ. 4 ಕೂಡ ಒಮ್ಮೊಮ್ಮೆ ಹೊಡೆಯುತ್ತದೆ. 1979ರ ಜನವರಿಯ ಸೂಪರ್ ಬೌಲ್‌ನಲ್ಲಿ (ಎನ್‌ಎಫ್‌ಎಲ್ ಫೈನಲ್) ಫೇವರಿಟ್ ಸ್ಟೀಲರ್ಸ್ ತಂಡದ ಲೈನ್ 3.5ರಿಂದ 4.5ಕ್ಕೆ ಏರಿತ್ತು. ಅವರು ಕೌಬಾಯ್ಸ್ ವಿರುದ್ಧ ಗೆದ್ದದ್ದು 35-31ರಿಂದ. ಲಾಸ್ ವೇಗಸ್‌ನ ಬುಕ್ಕಿಗಳು ಎರಡೂ ಕಡೆಯವರಿಗೆ ಹಣ ಎಣಿಸಬೇಕಾಯಿತು. ಆ ದಿನವನ್ನು ಅವರು ಇಂದಿಗೂ ‘ಬ್ಲ್ಯಾಕ್ ಸಂಡೇ’ ಅನ್ನುತ್ತಾರೆ.

ಐಪಿಎಲ್‌ಗೂ ಇದೇ ಲೆಕ್ಕ ಆಗುತ್ತಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಭಾರತದಲ್ಲಿ 2025ರ ಕಾಯ್ದೆ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಆ ಮಾತೇ ಬೇಡ.

ಇಲ್ಲೂ ಈಗ ಹೊಸ ತಲೆನೋವು ತೆರಿಗೆಯದು. 2026ರಿಂದ ಸೋತ ಹಣದಲ್ಲಿ 90 ಶೇಕಡಾ ಮಾತ್ರ ಗೆದ್ದ ಹಣದಿಂದ ಕಳೆಯಲು ಬಿಡುತ್ತಾರೆ. 100 ಗೆದ್ದು 110 ಸೋತರೆ ಕಳೆಯಬಹುದಾದದ್ದು 99. ಜೇಬಿನಿಂದ 10 ಡಾಲರ್ ಹೋಗಿದೆ, ಆದರೂ ಕಾಗದದ ಮೇಲೆ 1 ಡಾಲರ್ ಆದಾಯ! ಮಿಡಲ್ ಆಡುವವರಿಗೆ ಬಹುಪಾಲು ವಾರಗಳು ಹೀಗೇ ಮುಗಿಯುವುದು. ಹಾಗಾಗಿ 3 ಅಥವಾ 7 ಮಧ್ಯೆ ಸಿಗದ ಲೈನ್‌ಗಳನ್ನು ನಾನೀಗ ಮುಟ್ಟುವುದೇ ಇಲ್ಲ.