ಹಳೇ ಕಾರನ್ನು ದಿನಾ ಓಡಿಸಬೇಕಾದರೆ ಯಾವುದಕ್ಕೆ ಮೊದಲು ಕೈ ಹಾಕಬೇಕು

ಹಳೇ ಕಾರು ಮನೆಗೆ ಬಂದ ವಾರದಲ್ಲೇ ಅಗಲ ಟೈರು, ಹೊಸ ಸ್ಪೀಕರು, ನೂರು ವಾಟಿನ ಬಲ್ಬು ಎಂದು ಹೊರಡಬೇಡಿ. ಹತ್ತು ಹದಿನೈದು ವರ್ಷ ಓಡಿದ ಗಾಡಿ ದಾರಿಯಲ್ಲಿ ನಿಲ್ಲುವುದು ಹೆಚ್ಚಾಗಿ ಒಣಗಿದ ರಬ್ಬರು, ಕೆಟ್ಟ ಕೂಲಂಟು (ಎಂಜಿನ್ ತಂಪಾಗಿಡುವ ದ್ರವ), ಕಿಲುಬು ಹಿಡಿದ ವೈರಿನ ತುದಿ ಇಂಥವುಗಳಿಂದ. ಅಪ್‌ಗ್ರೇಡ್ ಇವುಗಳ ನಂತರದ ಮಾತು.

ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ರಬ್ಬರು ಪಟ್ಟಿ) ಬದಲಿಸಿದ್ದಕ್ಕೆ ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಗಡುವು ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ಕಿಲೋಮೀಟರ್ ಕಡಿಮೆ ಇದ್ದರೂ ವಯಸ್ಸಿಗೆ ರಬ್ಬರು ಬಿರಿಯುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ ಕ್ಷಣ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಬೆಲ್ಟ್ ಜೊತೆಗೇ ಅದನ್ನು ಬಿಗಿಯಾಗಿಡುವ ಟೆನ್ಶನರ್ ಹಾಕಿಸಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಹಾಕಿಸಿ, ಬಿಚ್ಚುವ ಕೆಲಸ ಎರಡಕ್ಕೂ ಒಂದೇ.

ಕೂಲಂಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ, ನೀರಿನಲ್ಲಿ ತೊಳೆದು, ಸಾಂದ್ರ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿ. ನಲ್ಲಿ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ರೇಡಿಯೇಟರ್ ಕ್ಯಾಪನ್ನು ಯಾರೂ ನೋಡುವುದೇ ಇಲ್ಲ, ಆದರೆ ಒತ್ತಡ ಹಿಡಿದಿಡುವುದು ಅದೇ. ಈ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 1 ಬಾರ್ ಒತ್ತಡದಲ್ಲಿ 120 ದಾಟಿದ ಮೇಲೆ. ಕ್ಯಾಪಿನ ರಬ್ಬರು ಗಟ್ಟಿಯಾಗಿದ್ದರೆ ಮುದ್ರಿತ ಒತ್ತಡ ನೋಡಿ ಅದೇ ಅಳತೆಯದು ತನ್ನಿ. ಎಂಜಿನ್ ಬಿಸಿ ಇರುವಾಗ ಮಾತ್ರ ಅದನ್ನು ಮುಟ್ಟಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೇ ಗಾಡಿಯಲ್ಲಿ ಬ್ಲೀಡ್ ಮಾಡುವಾಗ (ಹಳೇ ಆಯಿಲನ್ನೂ ಗಾಳಿಯನ್ನೂ ಹೊರಹಾಕುವಾಗ) ಪೆಡಲನ್ನು ತಳಮುಟ್ಟ ತುಳಿದರೆ, ಪೆಡಲು ಒತ್ತುವ ಮಾಸ್ಟರ್ ಸಿಲಿಂಡರಿನ ಸೀಲು ವರ್ಷಗಟ್ಟಲೆ ತಲುಪದಿದ್ದ, ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯುತ್ತದೆ. ಅಷ್ಟು ಕೆಳಗೆ ಹೋಗದಂತೆ ಪೆಡಲಿನ ಕೆಳಗೆ ಮರದ ತುಂಡು ಇಟ್ಟುಕೊಳ್ಳಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಗುರುತಿನ ಕೊನೆಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ಪಕ್ಕ ಬಿರಿದ ಟೈರು ಬೇಡ.

ಇನ್ನು ಕರೆಂಟು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.5. ಇಷ್ಟಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ಹೊಸ ಬ್ಯಾಟರಿ ತರುವ ಮುನ್ನ ಅರ್ಥ್ (ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ, ಬಾಡಿಗೆ ಹೋಗುವ ಜೋಡಣೆ) ನೋಡಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಸೀಸಕ್ಕೇ (ಕ್ಲ್ಯಾಂಪಿಗಲ್ಲ), ಇನ್ನೊಂದು ಎಂಜಿನ್ನಿನ ಶುಭ್ರ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಪಟ್ಟಿಯಲ್ಲೋ ಕ್ಲ್ಯಾಂಪಿನಲ್ಲೋ ದೋಷ. ಬೋಲ್ಟ್ ಬಿಚ್ಚಿ, ಎರಡೂ ಮುಖವನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಹೆಡ್‌ಲೈಟ್ ಮಂಕು ಎಂದು ಹೆಚ್ಚು ವಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಹಳೇ ಗಾಡಿಗಳಲ್ಲಿ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನೇ ಸುತ್ತಿಬರುವುದು ಉಂಟು. ಲೈಟ್ ಹಾಕಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಪಾಸಿಟಿವ್‌ಗೂ ಬಲ್ಬಿನ ಪಾಸಿಟಿವ್ ಪಿನ್ನಿಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಹಾಕುವುದು ಸಾರ್ಥಕ.

ಡಿಪ್‌ಗೆ ಒಂದು, ಹೈ ಬೀಮ್‌ಗೆ ಒಂದು, ಎರಡು ರಿಲೇ ಬೇಕು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ರಿಲೇಗೊಂದರಂತೆ 15 ಆಂಪಿಯರ್ ಫ್ಯೂಸ್ ಕೂರಿಸಿ. ಫ್ಯೂಸ್ ದೂರವಾದರೆ ಅಲ್ಲಿವರೆಗಿನ ವೈರಿಗೆ ಕಾವಲಿಲ್ಲ. ಅಲ್ಲಿಂದ 2.5 ಚದರ ಮಿ.ಮೀ. ವೈರು ರಿಲೇಯಲ್ಲಿ 30 ಎಂದು ಬರೆದ ಪಿನ್ನಿಗೆ, 87ರಿಂದ ಎರಡೂ ಬಲ್ಬಿಗೆ. ಹಳೇ ಹೆಡ್‌ಲೈಟ್ ಪ್ಲಗ್ಗಿನ ಡಿಪ್, ಹೈ ವೈರುಗಳು ತಮ್ಮ ತಮ್ಮ ರಿಲೇಯ 86ಕ್ಕೆ, 85 ಅರ್ಥ್‌ಗೆ. ಬಲ್ಬಿನ ಅರ್ಥ್‌ಗೂ ಅಷ್ಟೇ ದಪ್ಪದ ಹೊಸ ವೈರು ಎಳೆಯಿರಿ, ಇಲ್ಲದಿದ್ದರೆ ನಷ್ಟ ಆ ಕಡೆ ಉಳಿಯುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದೇ ಅರ್ಥ್ ಬದಿಗೆ: ಪ್ಲಗ್ಗಿನಲ್ಲಿ ಡಿಪ್, ಹೈ ಎರಡಕ್ಕೂ ಸೇರಿದ ಪಿನ್ನಿನಲ್ಲಿ 12 ವೋಲ್ಟ್ ಇದ್ದರೆ ಈ ಜೋಡಣೆ ನಡೆಯದು. ಹೆಡ್‌ಲೈಟನ್ನು ಕಂಪ್ಯೂಟರ್ ನಡೆಸುವ ಗಾಡಿಗೂ ಬೇಡ.

ಮುಗಿದ ಮೇಲೆ ಇಪ್ಪತ್ತು ನಿಮಿಷ ಲೈಟ್ ಉರಿಸಿ ಫ್ಯೂಸ್ ಹೋಲ್ಡರನ್ನೂ ರಿಲೇ ಬುಡವನ್ನೂ ಬೆರಳಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಟ್ಟರೆ ಎಲ್ಲೋ ಲಗ್ (ವೈರಿನ ತುದಿಗೆ ಒತ್ತುವ ಲೋಹದ ತುಣುಕು) ಸಡಿಲವಾಗಿ ಒತ್ತಿದೆ. ಅದನ್ನು ಕತ್ತರಿಸಿ ಹೊಸದು ಒತ್ತಿ.